ಹಾಡಿನ ರೊಕ್ಕ ಯಾರ ಗಲ್ಲಾಕ್ಕೆ?

1977ರ ಮಾರ್ಚ್ 14. ಲೋಕಸಭೆಯ ಮತದಾನ ಶುರುವಾಗಲು ಎರಡೇ ದಿನ ಉಳಿದಿತ್ತು. ತುರ್ತು ಪರಿಸ್ಥಿತಿಯ ಬಿಗಿ ಇನ್ನೂ ಪೂರ್ತಿ ಸಡಿಲಗೊಂಡಿರಲಿಲ್ಲ. ಇಂದಿರಾ ಗಾಂಧಿ ಗೆಲ್ಲುತ್ತಾರೋ ಸೋಲುತ್ತಾರೋ ಎಂಬ ಲೆಕ್ಕದಲ್ಲಿ ದೇಶವೆಲ್ಲ ಮುಳುಗಿದ್ದ ಆ ಹೊತ್ತಿನಲ್ಲಿ ಸುಪ್ರೀಂ ಕೋರ್ಟಿನ ಒಂದು ಪೀಠ ಸದ್ದಿಲ್ಲದೆ ತೀರ್ಪೊಂದನ್ನು ಕೊಟ್ಟಿತು. ಸಿನಿಮಾ ಹಾಡು ಚಿತ್ರಮಂದಿರದಲ್ಲಿ ಮೊಳಗಿದಾಗ ಅದಕ್ಕೆ ಸಂಗೀತ ಕೂಡಿಸಿದವರು, ಸಾಹಿತ್ಯ ಬರೆದವರು ಥೇಟರಿನವರಿಂದ ಬೇರೆಯಾಗಿ ಶುಲ್ಕ ಕೇಳಬಹುದೇ ಎಂಬುದು ಪ್ರಶ್ನೆ. ಕೇಳುವಂತಿಲ್ಲ ಎಂದಿತು ಕೋರ್ಟು. ನಿರ್ಮಾಪಕ ರೊಕ್ಕ ಕೊಟ್ಟು ಹಾಡು ಮಾಡಿಸಿದ ಮೇಲೆ, ಬೇರೆ ಕರಾರು ಇಲ್ಲದಿದ್ದರೆ, ಹಾಡಿನ ಮೊದಲ ಒಡೆಯ ಅವನೇ.

ರಾಮದುರ್ಗ ತಾಲ್ಲೂಕಿನ ಕಟಕೋಳದಂಥ ಊರಿನಲ್ಲಿ ಈ ಸುದ್ದಿಗೆ ಕಿವಿಗೊಟ್ಟವರು ಯಾರೂ ಇದ್ದಿರಲಾರರು. ಆ ಕಾಲದ ಹಳ್ಳಿ ಹೋಟೆಲುಗಳಲ್ಲಿ ಗಲ್ಲಾದ ಪಕ್ಕಕ್ಕೊಂದು ರೇಡಿಯೊ, ಅದರ ಮೇಲೆ ಕಸೂತಿ ಹಾಕಿದ ಬಟ್ಟೆ, ಮುಳ್ಳು ಸದಾ ಧಾರವಾಡ ಆಕಾಶವಾಣಿಯ ಮೇಲೆ. ರೇಡಿಯೊ ಇಟ್ಟವರು ವರ್ಷಕ್ಕೊಮ್ಮೆ ಅಂಚೆ ಕಚೇರಿಗೆ ಹೋಗಿ ಲೈಸನ್ಸಿನ ಪುಸ್ತಕಕ್ಕೆ ಅಂಚೆಚೀಟಿಯಂಥ ಸ್ಟಾಂಪು ಹಚ್ಚಿಸಿಕೊಂಡು ಬರಬೇಕಿತ್ತು. ಮನೆಯ ರೇಡಿಯೊಕ್ಕೆ ಒಂದು ದರವಾದರೆ ಅಂಗಡಿ, ಹೋಟೆಲುಗಳದಕ್ಕೆ ಅದಕ್ಕಿಂತ ಹೆಚ್ಚು. ಆ ರೊಕ್ಕವೆಲ್ಲ ಸರಕಾರಕ್ಕೆ ಹೋಗುತ್ತಿತ್ತು. ಹಾಡು ಕಟ್ಟಿದವನಿಗೂ ಅದರಲ್ಲಿ ಪಾಲು ಸಲ್ಲಬೇಕು ಎಂದು ಚಾ ಕುಡಿಯುವವರಿಗಾಗಲಿ ಕುಡಿಸುವವರಿಗಾಗಲಿ ಅನ್ನಿಸಲು ಕಾರಣವೇ ಇರಲಿಲ್ಲ.

ಹಾಗೆ ಮೊದಲು ಅನ್ನಿಸಿದ್ದು ಪ್ಯಾರಿಸ್‌ನಲ್ಲಿ. 1847ರಲ್ಲಿ ಅರ್ನೆಸ್ಟ್ ಬೂರ್ಜೆ ಎಂಬ ಗೀತರಚನಕಾರ ಇಬ್ಬರು ಸಂಗೀತಗಾರ ಗೆಳೆಯರೊಂದಿಗೆ ಲೆಜಾಂಬಾಸದೂರ್ ಎಂಬ ಕೆಫೆಗೆ ಹೋಗಿದ್ದ. ಅಲ್ಲಿ ನುಡಿಸುತ್ತಿದ್ದ ಹಾಡುಗಳು ಅವರವೇ. ಬಿಲ್ಲು ಬಂದಾಗ ಅವರು ರೊಕ್ಕ ಕೊಡಲು ಒಪ್ಪಲಿಲ್ಲ. ನಮ್ಮ ಹಾಡಿಗೆ ನೀನು ಕೊಡದಿದ್ದರೆ ನಿನ್ನ ಸಕ್ಕರೆ ನೀರಿಗೆ ನಾವೇಕೆ ಕೊಡಬೇಕು ಎಂಬುದು ಅವರ ವಾದ. ಜಗಳ ನ್ಯಾಯಾಲಯಕ್ಕೆ ಹೋಯಿತು, 1849ರ ಹೊತ್ತಿಗೆ ಹಾಡುಗಾರರೇ ಗೆದ್ದರು. 1851ರಲ್ಲಿ ಶುಲ್ಕ ಎತ್ತಿ ಹಂಚುವ ‘ಸಾಸೆಮ್’ ಎಂಬ ಸಂಘ ಹುಟ್ಟಿತು. ಎದುರಾಳಿ ಶಾಂಜ಼ೆಲಿಜ಼ೆಯ ಹೆಸರಾಂತ ಕೆಫೆಯಾಗಿತ್ತು, ಬಡಪಾಯಿಯ ಅಂಗಡಿಯಲ್ಲ ಎಂಬುದನ್ನು ಇಲ್ಲಿ ನೆನಪಿಡಬೇಕು. ನ್ಯೂಯಾರ್ಕಿನಲ್ಲೂ ಹೀಗೇ ಆಯಿತು. ಬ್ರಾಡ್‌ವೇಯ ಶಾನ್ಲಿ ರೆಸ್ಟೊರೆಂಟ್ ಮೇಲೆ ವಿಕ್ಟರ್ ಹರ್ಬರ್ಟ್ ಹೂಡಿದ ದಾವೆ 1917ರಲ್ಲಿ ತೀರ್ಮಾನವಾದಾಗ ನ್ಯಾಯಮೂರ್ತಿ ಹೋಮ್ಸ್ ಕೊಟ್ಟ ಕಾರಣ ಸರಳವಾಗಿತ್ತು. ಗಿರಾಕಿಯಿಂದ ಹಾಡಿಗೆಂದು ಟಿಕೆಟ್ ತೆಗೆದುಕೊಳ್ಳದಿದ್ದರೇನು, ಊಟದ ಬೆಲೆಯಲ್ಲಿ ಅದೂ ಸೇರಿದೆ; ಲಾಭವಿಲ್ಲದಿದ್ದರೆ ಹೋಟೆಲಿನವರು ಸಂಗೀತ ಇಡಿಸುತ್ತಲೇ ಇರಲಿಲ್ಲ.

ತರ್ಕ ಚೊಕ್ಕಟವಾಗಿಯೇ ಇದೆ, ನನಗೂ ಒಪ್ಪಿಗೆ. ತೊಡಕು ಹುಟ್ಟಿದ್ದು ಅದನ್ನು ವಸೂಲಿಯ ಪುಸ್ತಕಕ್ಕೆ ಇಳಿಸಿದಾಗ.

ಭಾರತದಲ್ಲಿ ಆ ಪುಸ್ತಕ ತೆರೆದದ್ದು 1969ರಲ್ಲಿ. ಸಂಗೀತ ಸಂಯೋಜಕರು ಮತ್ತು ಗೀತರಚನಕಾರರ ಪರವಾಗಿ ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ, ಅಂದರೆ ಐಪಿಆರ್‌ಎಸ್, ಆ ವರ್ಷ ಹುಟ್ಟಿತು. ಅದೇ ವರ್ಷ ತನ್ನ ದರಪಟ್ಟಿಯನ್ನು ಪ್ರಕಟಿಸಿತು. ಧ್ವನಿಮುದ್ರಣದ ಒಡೆಯರಾದ ಕಂಪನಿಗಳ ಕೂಟವಾದ ಫೋನೊಗ್ರಾಫಿಕ್ ಪರ್ಫಾರ್ಮೆನ್ಸ್ ಲಿಮಿಟೆಡ್, ಅಂದರೆ ಪಿಪಿಎಲ್, 1941ರಿಂದಲೇ ಇತ್ತು. ಹೀಗೆ ಒಂದೇ ಹಾಡಿಗೆ ಎರಡು ಬಾಗಿಲು: ಧಾಟಿ ಮತ್ತು ಸಾಹಿತ್ಯಕ್ಕೆ ಒಂದು, ಮುದ್ರಣಕ್ಕೆ ಇನ್ನೊಂದು. ಅಂಗಡಿಕಾರನಿಗೆ ಇಂದಿಗೂ ಗಂಟಲಲ್ಲಿ ಇಳಿಯದ ಸಂಗತಿ ಇದೇ.

ಐಪಿಆರ್‌ಎಸ್‌ನ ದರಪಟ್ಟಿಗೆ ಮೊದಲು ತಿರುಗಿಬಿದ್ದವರು ಸಿನಿಮಾದವರು. ಸಂಘದ ಸದಸ್ಯರಿಗೆ ಅಂಥ ಹಕ್ಕೇ ಇಲ್ಲ ಎಂದು ಅವರು ವಾದಿಸಿದರು. ಕಾಪಿರೈಟ್ ಮಂಡಳಿ ಸಂಘದ ಪರ ನಿಂತಿತು, ಕಲ್ಕತ್ತಾ ಹೈಕೋರ್ಟ್ 1974ರಲ್ಲಿ ಅದನ್ನು ತಿರುಗಿಸಿತು, 1977ರಲ್ಲಿ ಸುಪ್ರೀಂ ಕೋರ್ಟ್ ಹೈಕೋರ್ಟಿನ ಮಾತನ್ನೇ ಎತ್ತಿಹಿಡಿಯಿತು. 1957ರ ಕಾಯ್ದೆಯ 17ನೇ ಕಲಮನ್ನು ಓದಿದರೆ ಬೇರೆ ದಾರಿ ಇರಲಿಲ್ಲ ಎನ್ನುವ ಪಂಡಿತರಿದ್ದಾರೆ. ಸಿನಿಮಾದ ಹಕ್ಕು ಅದರೊಳಗಿನ ಹಾಡಿನ ಹಕ್ಕನ್ನು ನುಂಗಬಾರದೆಂದು ಅದೇ ಕಾಯ್ದೆಯ 13ನೇ ಕಲಮು ಹೇಳುವುದನ್ನು ಕೋರ್ಟು ಹಗುರಾಗಿ ತೆಗೆದುಕೊಂಡಿತು ಎನ್ನುವವರೂ ಇದ್ದಾರೆ. ಯಾರ ಮಾತು ಸರಿಯಾದರೂ ಪರಿಣಾಮ ಒಂದೇ. ದೇಶದಲ್ಲಿ ಅತಿ ಹೆಚ್ಚು ಕೇಳುವ ಹಾಡೆಂದರೆ ಸಿನಿಮಾ ಹಾಡು, ಅದರ ಒಡೆತನ ನಿರ್ಮಾಪಕನಿಂದ ಸಂಗೀತ ಕಂಪನಿಯ ಕೈಗೆ ಸಾಗಿತು. ಮುಂದೆ ಕಂಪನಿಗಳೇ ಐಪಿಆರ್‌ಎಸ್‌ನ ಒಳಗೂ ಬಂದು ಕುಳಿತವು.

ನನ್ನ ಮಟ್ಟಿಗೆ ಆ ತೀರ್ಪಿನ ಮುಖ್ಯ ಭಾಗ ಅದರ ಕೊನೆಗಿದೆ. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಸಹಮತ ಸೂಚಿಸಿ ಅಡಿಟಿಪ್ಪಣಿಯ ಹಾಗೆ ನಾಲ್ಕು ಮಾತು ಸೇರಿಸಿದರು. ನಮ್ಮ ಕಾಯ್ದೆಯ ಪ್ರಕಾರ ಸಂಗೀತವೆಂದರೆ ಕಾಗದದ ಮೇಲೆ ಬರೆದದ್ದು ಅಥವಾ ಮುದ್ರಿಸಿದ್ದು ಮಾತ್ರ. ಹಾಡುವವನ ಕಂಠಕ್ಕೆ, ಆ ಗಳಿಗೆಯಲ್ಲಿ ಅವನು ತುಂಬುವ ಜೀವಕ್ಕೆ ಅದರಲ್ಲಿ ಜಾಗವಿಲ್ಲ. ಇದು ಭಾರತದ ಸಂಪ್ರದಾಯಕ್ಕೆ ಒಗ್ಗದ ನಿಯಮ, ಸಂಸತ್ತು ಗಮನಿಸಬೇಕು ಎಂಬುದು ಅವರ ಮಾತಿನ ಸಾರ.

ಇದನ್ನು ನಮ್ಮ ಕಡೆಗೆ ತಂದು ನೋಡಿ. ಬೈಲಹೊಂಗಲದ ಕಥೆಯಾದ ‘ಸಂಗ್ಯಾ ಬಾಳ್ಯಾ’ವನ್ನು ರಾತ್ರಿಯಿಡೀ ಆಡುವ ಸಣ್ಣಾಟದ ಮೇಳ ಯಾವ ಕಾಗದ ನೋಡಿ ಹಾಡುತ್ತದೆ? ಕುಲಗೋಡ ತಮ್ಮಣ್ಣ ಬೆಳೆಸಿದ ‘ಶ್ರೀಕೃಷ್ಣ ಪಾರಿಜಾತ’ದಲ್ಲಿ ಕೌಜಲಗಿ ನಿಂಗಮ್ಮ ಹಾಡುತ್ತಿದ್ದರೆ ಜನ ಬಂಡಿ ಕಟ್ಟಿಕೊಂಡು ಬರುತ್ತಿದ್ದುದು ಕಂಠಕ್ಕಾಗಿ, ಅಭಿನಯಕ್ಕಾಗಿ. ಸವದತ್ತಿಯ ಎಲ್ಲಮ್ಮನ ಗುಡ್ಡದ ಚೌಡಿಕೆ ಪದ, ಗೊಡಚಿ ಜಾತ್ರೆಯಲ್ಲಿ ವೀರಭದ್ರನ ಮುಂದೆ ಹೇಳುವ ಒಡಪು, ಶ್ರಾವಣದ ಭಜನೆ, ಇವೆಲ್ಲ 1957ರಿಂದ 1994ರವರೆಗೆ ಕಾನೂನಿನ ಕಣ್ಣಿಗೆ ಸಂಗೀತವೇ ಆಗಿರಲಿಲ್ಲ. ಕೃಷ್ಣ ಅಯ್ಯರ್ ಮಾತು ಸಂಸತ್ತಿನ ಕಿವಿಗೆ ಬೀಳಲು ಹದಿನೇಳು ವರ್ಷ ಬೇಕಾಯಿತು. 1994ರ ತಿದ್ದುಪಡಿ ಬರೆದಿಡಬೇಕೆಂಬ ಷರತ್ತನ್ನು ತೆಗೆದು, ಹಾಡುವವರಿಗೂ ಪ್ರದರ್ಶಕರ ಹಕ್ಕು ಎಂಬುದನ್ನು ಮೊದಲ ಬಾರಿಗೆ ಕೊಟ್ಟಿತು.

ಆ ಹದಿನೇಳು ವರ್ಷಗಳಲ್ಲಿ ಕ್ಯಾಸೆಟ್ ಬಂದು ಎಲ್ಲವನ್ನೂ ತಲೆಕೆಳಗು ಮಾಡಿತ್ತು. ಗ್ರಾಮಫೋನ್ ಕಂಪನಿಯ ಏಕಸ್ವಾಮ್ಯ ಕುಸಿಯಿತು. ಹಳೆಯ ಹಾಡನ್ನು ಬೇರೆ ಕಂಠದಲ್ಲಿ ಮರುಮುದ್ರಿಸಲು ಕಾಯ್ದೆಯಲ್ಲಿದ್ದ ಸಂದನ್ನು ಹಿಡಿದು ದಿಲ್ಲಿಯಲ್ಲಿ ಗುಲ್ಶನ್ ಕುಮಾರ್ ಟಿ-ಸೀರೀಸ್ ಬೆಳೆಸಿದರು. ಬೆಂಗಳೂರಿನ ಲಹರಿ ಸಂಸ್ಥೆಗೆ 1987ರ ‘ಪ್ರೇಮಲೋಕ’ ಹೆಸರು ತಂದಿತು. ಅಸಲಿ ಕ್ಯಾಸೆಟ್ಟಿನ ಬೆನ್ನಿಗೇ ನಕಲಿಯೂ ಬರುತ್ತಿತ್ತು. ಪೀಟರ್ ಮ್ಯಾನ್ಯುಯೆಲ್ ಎಂಬ ಸಂಗೀತಶಾಸ್ತ್ರಜ್ಞ 1993ರಲ್ಲಿ ಭಾರತದ ಕ್ಯಾಸೆಟ್ ಲೋಕದ ಮೇಲೆ ಪುಸ್ತಕ ಬರೆದರು. ಅಗ್ಗದ ಕ್ಯಾಸೆಟ್ಟಿನಿಂದಲೇ ದೊಡ್ಡ ಕಂಪನಿಗಳು ತಿರುಗಿಯೂ ನೋಡದಿದ್ದ ಪ್ರಾದೇಶಿಕ ಹಾಡುಗಳಿಗೆ ಮಾರುಕಟ್ಟೆ ಸಿಕ್ಕಿತೆಂದು ಅವರು ತೋರಿಸಿದರು. ನಕಲಿನಿಂದ ಉದ್ಯಮವೇ ಮುಳುಗಿತು ಎನ್ನುವವರ ಅಂಕಿಅಂಶ ಬೇರೆ. ಎರಡೂ ಕಡೆಯವರು ಒಪ್ಪುವ ಸಂಗತಿಯೆಂದರೆ ಜನಪದ ಹಾಡುಗಾರನಿಗೆ ಸಿಗುತ್ತಿದ್ದುದು ಒಂದು ದಿನದ ಸಂಭಾವನೆ. ರೊಕ್ಕ ಎಣಿಸಿಕೊಂಡು ಸಹಿ ಹಾಕಿದರೆ ಹಾಡಿನ ಋಣ ಮುಗಿಯಿತು.

ಕ್ಯಾಸೆಟ್ ಹೋಗಿ ಸಿಡಿ ಬಂತು, ಸಿಡಿ ಹೋಗಿ ಮೆಮೊರಿ ಕಾರ್ಡ್ ಬಂತು. ಬಸ್‌ಸ್ಟ್ಯಾಂಡಿನ ಬಳಿಯ ಮೊಬೈಲ್ ರೀಚಾರ್ಜ್ ಅಂಗಡಿಯ ಆ ದೃಶ್ಯ ಉತ್ತರ ಕರ್ನಾಟಕದ ಯಾರಿಗೂ ಹೊಸದಲ್ಲ. ಎರಡು ಜಿಬಿ ಕಾರ್ಡನ್ನು ಕಂಪ್ಯೂಟರಿಗೆ ಸಿಕ್ಕಿಸಿ ಹುಡುಗ ಕೇಳುತ್ತಾನೆ, ‘ಯಾವ್ ಹಾಕ್ಲಿರಿ, ರಾಜಕುಮಾರ್ ಹಿಟ್ಸಾ, ಭಜನಿ ಪದಾನಾ, ಹೊಸಾ ಜನಪದಾನಾ?’ ಫೋಲ್ಡರುಗಳನ್ನು ಎಳೆದು ಕಾರ್ಡಿಗೆ ಬಿಡುತ್ತಾನೆ, ಹಸಿರು ಪಟ್ಟಿ ನಿಧಾನಕ್ಕೆ ತುಂಬುತ್ತದೆ, ಇಪ್ಪತ್ತೋ ಮೂವತ್ತೋ ರೂಪಾಯಿ ಗಲ್ಲಾಕ್ಕೆ ಬೀಳುತ್ತದೆ. ಹೊತ್ತು ಮುಳುಗುವುದರೊಳಗೆ ಆ ಕಾರ್ಡು ಕಬ್ಬಿನ ಟ್ರ್ಯಾಕ್ಟರ್ ಮೇಲೆ ಎರಡು ಹಳ್ಳಿಗೆ ಕೇಳುವಷ್ಟು ಜೋರಾಗಿ ಹಾಡುತ್ತಿರುತ್ತದೆ.

ಆ ಹುಡುಗ ಮಾಡಿದ್ದು ಕಾಪಿರೈಟ್ ಕಾಯ್ದೆಯ 63ನೇ ಕಲಮಿನ ಪ್ರಕಾರ ಅಪರಾಧ. ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷದವರೆಗೆ ದಂಡ. ಕರ್ನಾಟಕದಲ್ಲಿ ಇದರ ಮೇಲೊಂದು ಬರೆಯೂ ಇದೆ. ಕಳ್ಳಬಟ್ಟಿಯವರು, ಜೂಜುಕೋರರು, ಗೂಂಡಾಗಳನ್ನು ಮುಂಜಾಗ್ರತೆಯಾಗಿ ಒಳಗೆ ಹಾಕಲು ಮಾಡಿದ 1985ರ ಕಾಯ್ದೆಯ ಉದ್ದನೆಯ ಹೆಸರಿನಲ್ಲಿ ವಿಡಿಯೊ ಅಥವಾ ಆಡಿಯೊ ಪೈರೇಟ್‌ಗಳೂ ಇದ್ದಾರೆ. 2014ರ ತಿದ್ದುಪಡಿಯಲ್ಲಿ ‘ಡಿಜಿಟಲ್ ಅಪರಾಧಿ’ಯೂ ಸೇರಿದ. ಜನರ ಬಾಯಲ್ಲಿ ಅದು ಗೂಂಡಾ ಕಾಯ್ದೆ. ಅದರಡಿ ಒಂದು ವರ್ಷದವರೆಗೆ ಬಂಧನದಲ್ಲಿ ಇಡಬಹುದು. ಕನ್ನಡ ಚಿತ್ರರಂಗ ಕೇಳಿದ್ದು ರಾತ್ರೋರಾತ್ರಿ ಸಿನಿಮಾ ಕದಿಯುವವರಿಗೆ ಮೂಗುದಾರ. ಕಾಯ್ದೆಯ ಅಕ್ಷರ ಮಾತ್ರ ಕದಿಯುವ ಜಾಲವನ್ನೂ ಕಾರ್ಡ್ ತುಂಬುವ ಹುಡುಗನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿತು. 2022ರ ಮೇ 20ರಂದು ನಿಟ್ ಪ್ರೊ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 63ನೇ ಕಲಮಿನ ಅಪರಾಧಕ್ಕೆ ಪೊಲೀಸರು ವಾರಂಟ್ ಇಲ್ಲದೆ ಹಿಡಿಯಬಹುದು, ಅದು ಜಾಮೀನುರಹಿತ ಎಂದಿತು. ಇಷ್ಟೆಲ್ಲ ಅಧಿಕಾರವಿದ್ದೂ ಠಾಣೆಯವರು ದಿನಾ ಇದರ ಬೆನ್ನು ಹತ್ತುವುದಿಲ್ಲ. ಕಂಪನಿಯವರು ಫಿರ್ಯಾದಿ ತಂದಾಗ ದಾಳಿ, ಇಲ್ಲದಿದ್ದರೆ ಇಲ್ಲ. ಸಂಗೀತ ಕಂಪನಿಗಳ ಒಕ್ಕೂಟ ನಿವೃತ್ತ ಪೊಲೀಸ್ ಅಧಿಕಾರಿ ಜೂಲಿಯೊ ರಿಬೇರೊ ಅವರ ಮುಂದಾಳತ್ವದಲ್ಲಿ ದಾಳಿಯ ಪಡೆಯನ್ನೇ ಕಟ್ಟಿತ್ತು. ಹೋಬಳಿ ಊರಿನ ನೂರು ಅಂಗಡಿಗಳಲ್ಲಿ ಒಂದಕ್ಕೆ ಬಿಸಿ ತಟ್ಟಿದರೆ ಉಳಿದ ತೊಂಬತ್ತೊಂಬತ್ತು ಎಂದಿನಂತೆ ನಡೆಯುತ್ತವೆ. ಇಂಥ ಕಾನೂನಿಗೆ ಜನ ಹೆದರುತ್ತಾರೆಯೇ ಹೊರತು ಮರ್ಯಾದೆ ಕೊಡುವುದಿಲ್ಲ.

ಹೊರದೇಶಗಳಲ್ಲಿ ಸಣ್ಣ ಅಂಗಡಿಗಳ ಪಾಡು ಬೇರೆಯಾಗಿತ್ತೇ? ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಜಾರ್ಜ್ ಏಕನ್ ಎಂಬಾತನ ಚಿಕನ್ ಅಂಗಡಿಯಲ್ಲಿ ಒಂದು ರೇಡಿಯೊ, ಛಾವಣಿಗೆ ನಾಲ್ಕು ಸ್ಪೀಕರ್. ಅಷ್ಟಕ್ಕೇ ಅವನ ಮೇಲೆ ಬಿದ್ದ ದಾವೆ 1975ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಅವನು ಗೆದ್ದ. ಮುಂದೆ ಹೋಟೆಲು, ಬಾರುಗಳ ಮಾಲೀಕರು ಒಗ್ಗಟ್ಟಾಗಿ ಒತ್ತಡ ಹೇರಿದ್ದರಿಂದ 1998ರಲ್ಲಿ ಅಲ್ಲಿನ ಸಂಸತ್ತು ಹೊಸ ಕಾಯ್ದೆ ಮಾಡಿತು. 3,750 ಚದರಡಿಗಿಂತ ಚಿಕ್ಕದಾದ ಹೋಟೆಲು, ಬಾರು ಮತ್ತು 2,000 ಚದರಡಿಗಿಂತ ಚಿಕ್ಕದಾದ ಅಂಗಡಿ ರೇಡಿಯೊ, ಟಿವಿ ಹಚ್ಚಿದರೆ ಹಾಡಿನ ಶುಲ್ಕವಿಲ್ಲ. ಐರ್ಲೆಂಡಿನ ಸಂಗೀತಗಾರರ ಸಂಘ ಇದನ್ನು ಸಹಿಸಲಿಲ್ಲ. ಯುರೋಪಿಯನ್ ಒಕ್ಕೂಟ ವಿಶ್ವ ವ್ಯಾಪಾರ ಸಂಸ್ಥೆಗೆ ದೂರಿತು. ಅಮೆರಿಕದ ಬಹುಪಾಲು ಹೋಟೆಲುಗಳು, ಹೆಚ್ಚುಕಡಿಮೆ ಅರ್ಧದಷ್ಟು ಅಂಗಡಿಗಳು ಈ ವಿನಾಯಿತಿಯಲ್ಲಿ ಸೇರುತ್ತವೆ, ಇದು ಒಪ್ಪಂದಕ್ಕೆ ವಿರುದ್ಧ ಎಂದು 2000ದಲ್ಲಿ ತೀರ್ಪು ಬಂತು. ಯುರೋಪಿನವರಿಗೆ ವರ್ಷಕ್ಕೆ 12,19,900 ಯೂರೊ ನಷ್ಟವೆಂದು 2001ರಲ್ಲಿ ಲೆಕ್ಕ ಕಟ್ಟಿದರು. ಅಮೆರಿಕ ಮೂರು ವರ್ಷದ ಬಾಬ್ತು 33 ಲಕ್ಷ ಡಾಲರ್ ಕೊಟ್ಟು ಕೈತೊಳೆದುಕೊಂಡಿತು, ಕಾಯ್ದೆಯನ್ನು ಮಾತ್ರ ತಿದ್ದಲಿಲ್ಲ. ತನ್ನ ಸಣ್ಣ ಅಂಗಡಿಗಳ ಪರವಾಗಿ ಒಂದು ಸರಕಾರವೇ ದಂಡ ಕಟ್ಟಿದ ಇಂಥ ಉದಾಹರಣೆ ಬೇರೆಲ್ಲಿ ಸಿಕ್ಕೀತು!

ಬ್ರಿಟನ್ನಿನಲ್ಲಿ ಗಾಳಿ ಬೇರೆ ಕಡೆಗೆ ಬೀಸಿತು. 2007ರಲ್ಲಿ ಕ್ವಿಕ್-ಫಿಟ್ ಗ್ಯಾರೇಜುಗಳ ಮೆಕ್ಯಾನಿಕ್ಕರು ಕೆಲಸದ ವೇಳೆ ಜೋರಾಗಿ ರೇಡಿಯೊ ಹಚ್ಚುತ್ತಾರೆಂದು ಅಲ್ಲಿನ ಸಂಗೀತ ಸಂಘ ಎರಡು ಲಕ್ಷ ಪೌಂಡ್ ಕೇಳಿತು. 2009ರಲ್ಲಿ ಸ್ಕಾಟ್ಲೆಂಡಿನ ಅಂಗಡಿಯೊಂದರಲ್ಲಿ ಸಾಮಾನು ಜೋಡಿಸುತ್ತ ತಾನೇ ಹಾಡಿಕೊಳ್ಳುತ್ತಿದ್ದ ಕೆಲಸದಾಕೆಗೂ ಲೈಸನ್ಸ್ ಬೇಕೆಂದು ಹೇಳಿ, ನಗೆಪಾಟಲಾದ ಮೇಲೆ ಕ್ಷಮೆ ಕೇಳಿತು. 2012ರ ಮಾರ್ಚ್ 15ರಂದು ಯುರೋಪಿನ ನ್ಯಾಯಾಲಯ ಒಂದೇ ದಿನ ಎರಡು ತೀರ್ಪು ಕೊಟ್ಟಿತು. ಹಲ್ಲು ತೋರಿಸಲು ಬಂದವರು ಹಾಡು ಕೇಳಲು ಬಂದವರಲ್ಲವಾದ್ದರಿಂದ ಟ್ಯೂರಿನ್‌ನ ದಂತವೈದ್ಯ ಕೊಡಬೇಕಾಗಿಲ್ಲ. ಕೋಣೆಯಲ್ಲಿ ರೇಡಿಯೊ, ಟಿವಿ ಇಟ್ಟ ಐರ್ಲೆಂಡಿನ ಹೋಟೆಲು ಕೊಡಬೇಕು.

ನಮ್ಮಲ್ಲೂ ಒಗ್ಗಟ್ಟಾಗಿ ಕೇಳಿದವರಿಗೆ ದರ ಇಳಿದದ್ದುಂಟು. 2001ರ ಜುಲೈ 3ರಂದು ಬೆಂಗಳೂರಿನಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ, ರೇಡಿಯೊ ಸಿಟಿ, ಶುರುವಾಯಿತು. ಹಾಡಿನ ಗಂಟೆಗೆ ಇಷ್ಟು ಎಂದು ಪಿಪಿಎಲ್ ಕೇಳಿದ ಶುಲ್ಕ ತಾಳಲಾರದೆ ಎಫ್‌ಎಂ ಕಂಪನಿಗಳು ವರ್ಷಗಟ್ಟಲೆ ಕಾಪಿರೈಟ್ ಮಂಡಳಿಯಲ್ಲಿ, ಕೋರ್ಟುಗಳಲ್ಲಿ ಬಡಿದಾಡಿದವು. 2010ರ ಆಗಸ್ಟ್ 25ರಂದು ಮಂಡಳಿ ಅದನ್ನು ಜಾಹೀರಾತಿನ ನಿವ್ವಳ ಆದಾಯದ ಶೇ 2ಕ್ಕೆ ತಂದಿತು. ಬೈಲಹೊಂಗಲದ ಲಾಡ್ಜಿಗೋ ಸವದತ್ತಿಯ ಖಾನಾವಳಿಗೋ ನೋಟಿಸು ಬಂದರೆ ಹೀಗೆ ವರ್ಷಗಟ್ಟಲೆ ವಾದಿಸಲು ವಕೀಲರ ಫೀಸು ಎಲ್ಲಿಂದ ಬರಬೇಕು? ‘ಕೇಬಲ್‌ನವ್ಗ ತಿಂಗ್ಳಾ ಕೊಡ್ತೇವಲ್ರಿ, ಹಾಡಿಗೆ ಮತ್ಯಾಕ್ರಿ?’ ಎನ್ನುವುದು ಅಡ್ಡಮಾತಲ್ಲ, ಪಿಟ್ಸ್‌ಬರ್ಗ್‌ನ ಏಕನ್ ಹೂಡಿದ ವಾದವೂ ಹೆಚ್ಚುಕಡಿಮೆ ಇದೇ.

ಬರೆದವರ ಕಡೆಗೆ ತಕ್ಕಡಿ ವಾಲಿದ್ದು 2012ರಲ್ಲಿ. ಗೀತರಚನಕಾರ ಜಾವೇದ್ ಅಖ್ತರ್ ರಾಜ್ಯಸಭೆಯ ನಾಮನಿರ್ದೇಶಿತ ಸದಸ್ಯರಾಗಿ ಇದೊಂದೇ ವಿಷಯವನ್ನು ಹಿಡಿದು ಜಗ್ಗಿದರು. ಮೇ ತಿಂಗಳಲ್ಲಿ ಎರಡೂ ಸದನಗಳು ತಿದ್ದುಪಡಿಯನ್ನು ಒಪ್ಪಿದವು, ಜೂನ್ 21ರಂದು ಜಾರಿಗೆ ಬಂತು. ಥೇಟರಿನ ಹೊರಗೆ ಹಾಡು ಎಲ್ಲೇ ಬಳಕೆಯಾದರೂ ಬರೆದವರಿಗೂ ಸಂಯೋಜಿಸಿದವರಿಗೂ ಸಮಪಾಲು, ಆ ಪಾಲನ್ನು ಅವರು ಬರೆದುಕೊಡಲೂ ಬಾರದು. 1977ರ ತೀರ್ಪಿನ ಬಿಸಿ ಆರಲು ಮೂವತ್ತೈದು ವರ್ಷ ಹಿಡಿಯಿತು. ಎಲ್ಲ ಸಂಘಗಳೂ ಹೊಸದಾಗಿ ನೋಂದಾಯಿಸಿಕೊಳ್ಳಬೇಕೆಂಬ ನಿಯಮದಂತೆ ಐಪಿಆರ್‌ಎಸ್ 2017ರಲ್ಲಿ ಮತ್ತೆ ನೋಂದಣಿ ಪಡೆಯಿತು, ಜಾವೇದ್ ಅಖ್ತರ್ ಅವರೇ ಅದರ ಅಧ್ಯಕ್ಷರಾದರು. ಪಿಪಿಎಲ್ ನೋಂದಣಿಯಿಲ್ಲದೆ ಹಾಡಿನ ಒಡೆಯನ ಹೆಸರಿನಲ್ಲೇ ಲೈಸನ್ಸ್ ಕೊಡುತ್ತ ಹೋಯಿತು. ಧ್ವನಿಮುದ್ರಣಗಳಿಗೆಂದು ಆರ್‌ಎಂಪಿಎಲ್ ಎಂಬ ಇನ್ನೊಂದು ಸಂಘ 2021ರಲ್ಲಿ ನೋಂದಣಿಯಾಯಿತು.

ಅಲ್ಲಿಂದ ಮುಂದಿನದು ಗೊಂದಲದ ಅಧ್ಯಾಯ. ನೋಂದಣಿಯಿಲ್ಲದವರು ಲೈಸನ್ಸ್ ವ್ಯವಹಾರ ನಡೆಸುವಂತಿಲ್ಲ ಎಂದು ಮದ್ರಾಸ್ ಹೈಕೋರ್ಟ್ 2021ರ ಡಿಸೆಂಬರಿನಲ್ಲಿ ಹೇಳಿದರೆ, ಒಡೆಯರಾದರೆ ನಡೆಸಬಹುದು ಎಂದು ಬಾಂಬೆ ಹೈಕೋರ್ಟ್ 2024ರ ಜನವರಿಯಲ್ಲಿ ಹೇಳಿತು. ಮದುವೆಯದೂ ಇದೇ ಕಥೆ. ಧಾರ್ಮಿಕ ವಿಧಿಗೆ, ಮದುವೆಯ ಮೆರವಣಿಗೆ ಮತ್ತು ಅದಕ್ಕೆ ಸೇರಿದ ಸಂಭ್ರಮಗಳಿಗೆ ಶುಲ್ಕವಿಲ್ಲವೆಂದು ಕಾಯ್ದೆಯಲ್ಲೇ ಇದೆ. ಆದರೂ ನೋಟಿಸುಗಳು ನಿಲ್ಲದ್ದರಿಂದ ಕೇಂದ್ರ ಸರಕಾರ 2019ರಲ್ಲಿ ಸೂಚನೆ ಹೊರಡಿಸಿತು, ಅದನ್ನು ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ 2022ರಲ್ಲಿ ರದ್ದು ಮಾಡಿತು, 2023ರ ಜುಲೈ 24ರಂದು ಸರಕಾರ ಮತ್ತೆ ಅದನ್ನೇ ಹೇಳಿತು. ಗೋವಾ ಸರಕಾರ ಹೊರಡಿಸಿದ ಇಂಥದೇ ಸುತ್ತೋಲೆ 2024ರಲ್ಲಿ ಬಾಂಬೆ ಹೈಕೋರ್ಟಿನಲ್ಲಿ ಬಿದ್ದುಹೋಯಿತು. ನಮ್ಮ ಕಡೆ ಡಾಲ್ಬಿ ಬಾಡಿಗೆ ಕೊಡುವವನು ಈ ಸರಪಳಿಯಲ್ಲಿ ಯಾವ ಕೊಂಡಿಯನ್ನು ನಂಬಬೇಕು? ಅಕ್ಷತೆ ಬೀಳುವ ಹೊತ್ತಿನ ಹಾಡಿಗೆ ವಿನಾಯಿತಿಯೆಂಬುದು ಸ್ಪಷ್ಟ. ಜಾತ್ರೆಯಲ್ಲಿ ತೇರು ಎಳೆದಾದ ಮೇಲೆ ನಡೆಯುವ ರಸಮಂಜರಿ ಧಾರ್ಮಿಕ ವಿಧಿಯೋ ಅಲ್ಲವೋ ಎಂಬುದಕ್ಕೆ ಕಮಿಟಿಯವರು ಒಂದು ಉತ್ತರ ಕೊಟ್ಟರೆ ಕಂಪನಿಯ ವಕೀಲ ಇನ್ನೊಂದು ಕೊಡುತ್ತಾನೆ.

ಕೋರ್ಟಿನ ಬಾಗಿಲು ಎಷ್ಟು ಬೇಗ ತೆರೆಯುತ್ತದೆ ಎಂಬುದೂ ಬಾಗಿಲು ಬಡಿಯುವವರು ಯಾರೆಂಬುದರ ಮೇಲಿದೆ. 2022ರಲ್ಲಿ ಭಾರತ್ ಜೋಡೊ ಯಾತ್ರೆಯ ವಿಡಿಯೊಗಳಲ್ಲಿ ‘ಕೆಜಿಎಫ್ 2’ರ ಹಾಡು ಬಳಸಿದ್ದಾರೆಂದು ಬೆಂಗಳೂರಿನ ಎಂಆರ್‌ಟಿ ಮ್ಯೂಸಿಕ್ ದೂರಿತು. ನವೆಂಬರ್ 7ರಂದು ಬೆಂಗಳೂರಿನ ನ್ಯಾಯಾಲಯ ಕಾಂಗ್ರೆಸ್ ಪಕ್ಷದ ಮತ್ತು ಯಾತ್ರೆಯ ಟ್ವಿಟರ್ ಖಾತೆಗಳನ್ನು ತಡೆಯಲು ಆದೇಶಿಸಿತು. ಮರುದಿನವೇ ಹೈಕೋರ್ಟ್, ಆ ವಿಡಿಯೊಗಳನ್ನು ತೆಗೆಯಬೇಕೆಂಬ ಷರತ್ತಿನ ಮೇಲೆ, ಆದೇಶವನ್ನು ಬದಿಗಿಟ್ಟಿತು. ಖಾತೆಯನ್ನೇ ಮುಚ್ಚುವುದು ಅತಿಯಾಯಿತು ಎಂಬುದರಲ್ಲಿ ಅನುಮಾನವಿಲ್ಲ. ಹಾಗೆ ಮರುದಿನವೇ ಪರಿಹಾರ ಸಿಗುವುದು ರಾಷ್ಟ್ರೀಯ ಪಕ್ಷಕ್ಕೆ, ಅಂಗಡಿಕಾರನಿಗಲ್ಲ.

2025ರಲ್ಲಿ ರೆಸ್ಟೊರೆಂಟ್ ಸರಪಳಿ ನಡೆಸುವ ಅಜ಼ೂರ್ ಹಾಸ್ಪಿಟಾಲಿಟಿ ಮತ್ತು ಪಿಪಿಎಲ್ ನಡುವಿನ ವ್ಯಾಜ್ಯ ದಿಲ್ಲಿ ಹೈಕೋರ್ಟಿನಲ್ಲಿ ತಿರುವು ಪಡೆಯಿತು. ನೋಂದಾಯಿತ ಸಂಘವಾಗದೆ ಅಥವಾ ಅಂಥ ಸಂಘದ ಸದಸ್ಯತ್ವವಿಲ್ಲದೆ ಪಿಪಿಎಲ್ ಲೈಸನ್ಸ್ ಕೊಡುವಂತಿಲ್ಲ, ಸದ್ಯಕ್ಕೆ ಆರ್‌ಎಂಪಿಎಲ್ ದರದಂತೆ ರೊಕ್ಕ ಕಟ್ಟಬೇಕು ಎಂದು ಏಪ್ರಿಲ್ 15ರಂದು ವಿಭಾಗೀಯ ಪೀಠ ಹೇಳಿತು. ಅದೇ ತಿಂಗಳು ಸುಪ್ರೀಂ ಕೋರ್ಟ್, ಹಾಗೆ ಕಟ್ಟಬೇಕೆಂಬ ಮಾತಿಗೆ ತಡೆ ಕೊಟ್ಟಿತು.

ಕಂಠದ ಪಾಲು ಏನಾಯಿತು? 1994ರಲ್ಲಿ ಹಕ್ಕು ಕೊಟ್ಟರೂ ಅದನ್ನು ವಸೂಲು ಮಾಡಲು ಗಾಯಕರ ಸ್ವಂತ ಸಂಘ ನೋಂದಣಿಯಾದದ್ದು 2013ರಲ್ಲಿ, ಲತಾ ಮಂಗೇಶ್ಕರ್ ಮೊದಲಾದ ದೊಡ್ಡ ಹೆಸರುಗಳ ಬೆಂಬಲದಿಂದ. ಸಿನಿಮಾದ ಹಿನ್ನೆಲೆ ಗಾಯಕರಿಗೆ ಅದರಿಂದ ಅನುಕೂಲವಾಗಿದೆ. ನಮ್ಮ ಸೀಮೆಯಲ್ಲಿ ಹಾಡು ಹುಟ್ಟುವ ರೀತಿ ಬೇರೆ. ಧಾಟಿ ಅಜ್ಜನ ಕಾಲದ್ದು, ಪದ ಅರ್ಧ ಹಳೆಯದು ಅರ್ಧ ಮೇಳದ ಮುಂದಾಳು ಕೂಡಿಸಿದ್ದು, ಹಿಮ್ಮೇಳದಲ್ಲಿ ನಾಲ್ಕೈದು ಜನ, ಮುದ್ರಣ ಪಕ್ಕದ ಊರಿನ ಸ್ಟುಡಿಯೊದಲ್ಲಿ, ಬಿಡುಗಡೆ ಯೂಟ್ಯೂಬಿನಲ್ಲಿ, ಚಾನೆಲ್ಲು ಮತ್ತೊಬ್ಬನದು. ಸಂಘದ ಅರ್ಜಿ ಕೇಳುವುದು ರಚನೆ ಯಾರದು, ಸಂಗೀತ ಯಾರದು, ಧ್ವನಿಮುದ್ರಣದ ಒಡೆಯ ಯಾರು ಎಂದು. ಹಳೆಯ ಕ್ಯಾಸೆಟ್ಟಿನ ಹೊದಿಕೆಯ ಮೇಲಾಗಲಿ ಹೊಸ ವಿಡಿಯೊದ ಕೆಳಗಾಗಲಿ ಆ ಜಾಗದಲ್ಲಿ ‘ಸಾಂಪ್ರದಾಯಿಕ’ ಎಂದು ಬರೆದಿದ್ದರೆ ಆ ಬಾಬ್ತಿನ ರೊಕ್ಕ ಕಳಿಸಲು ವಿಳಾಸವೇ ಇರುವುದಿಲ್ಲ.